ಒಂದೇ ಬಾಗಿಲ ಮುಂದೆ ಏಳು ಸಂಸಾರ

ಮೊದಲನೇ ಫೋಟೋ ನೋಡಿದಾಗ ನನಗೆ ಸಿಟ್ಟು ಬಂತು. ಹಳದಿ ರೇಷ್ಮೆ ಸೀರೆ, ತಲೆ ತುಂಬ ಕನಕಾಂಬರ, ಹಿಂದೆ ಹಸಿರು ಬಣ್ಣದ ಗೋಡೆ, ಗ್ರಾನೈಟ್ ಮೆಟ್ಟಿಲು, ಬಾಗಿಲ ಎರಡೂ ಕಡೆ ದಾಸವಾಳದ ಕುಂಡ. ಇಂಥ ಮನೆ ಇಟ್ಟುಕೊಂಡು ಸೂರಿಲ್ಲದವರ ಮನೆಗೆ ಅರ್ಜಿ ಹಾಕಿದ್ದಾಳಲ್ಲ, ಎಷ್ಟು ಧೈರ್ಯ ಇರಬೇಕು ಎಂದುಕೊಂಡೆ. ಎರಡನೇ ಫೋಟೋದಲ್ಲಿ ಬೇರೆ ಹೆಂಗಸು, ಬೇರೆ ಸೀರೆ, ಅದೇ ಹಸಿರು ಗೋಡೆ. ಮೂರನೆಯದರಲ್ಲಿ ಒಬ್ಬ ತಾತ, ಒಬ್ಬ ಅಜ್ಜಿ. ತಾತನದು ಇಸ್ತ್ರಿ ಮಾಡಿದ ಪಂಚೆ, ಪಕ್ಕದಲ್ಲಿ ಅದೇ ಕುಂಡ. ಏಳನೆಯದಕ್ಕೆ ಬರುವ ಹೊತ್ತಿಗೆ ಸಿಟ್ಟು ಇಳಿದು ನಗು ಬಂದಿತ್ತು. ಆ ನಗುವೂ ಹೆಚ್ಚು ಹೊತ್ತು ಉಳಿಯಲಿಲ್ಲ. ಏಳು ಹೆಸರುಗಳ ಪಕ್ಕದಲ್ಲೂ ಕೆಂಪಕ್ಷರದಲ್ಲಿ ‘ಅನರ್ಹ, ಪಕ್ಕಾ ಮನೆ ಇದೆ’ ಎಂದು ಬಂದಿತ್ತು.

ನಾನು ಚಿಕ್ಕಬಳ್ಳಾಪುರದ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಮನೆಯಿಲ್ಲದವರ ಅರ್ಜಿ, ದಾಖಲೆ, ಕಚೇರಿ ಅಲೆದಾಟ ಇವೇ ನಮ್ಮ ಕೆಲಸ. ಆಗ ನನ್ನನ್ನು ಶಿಡ್ಲಘಟ್ಟಕ್ಕೆ ಹಾಕಿದ್ದರು. ಊರಾಚೆ, ಕೆರೆಯ ಮಗ್ಗುಲಲ್ಲಿ, ಸೂರಿಲ್ಲದವರಿಗೆಂದು ಮೂರಂತಸ್ತಿನ ಕಟ್ಟಡಗಳು ಎದ್ದಿದ್ದವು. ಕಿಟಕಿಗಳಿಗೆ ಬಣ್ಣ ಹೊಡೆಯುವುದಷ್ಟೇ ಬಾಕಿ. ಮನೆಗಳು ಕಡಿಮೆ, ಕೇಳುವವರು ಜಾಸ್ತಿ. ಕರಡು ಪಟ್ಟಿ ಪ್ರಕಟವಾಗಿತ್ತು. ಆಕ್ಷೇಪಣೆಗೆ ಕೊಟ್ಟ ಗಡುವಿನೊಳಗೆ ಹೆಸರು ಸೇರಿದರೆ ಸೇರಿತು, ಇಲ್ಲದಿದ್ದರೆ ಆ ಮನೆ ಹಿಂದೆ ಕಾಯುತ್ತಿರುವವರಿಗೆ. ಇನ್ನೊಂದು ಯೋಜನೆ ಈ ಊರಿಗೆ ಯಾವ ಕಾಲಕ್ಕೆ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಹಸಿರು ಗೋಡೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಮುಚ್ಚಿಹೋದ ಒಂದು ರೀಲಿಂಗ್ ಘಟಕದ ಪಕ್ಕದಲ್ಲೇ ಆ ಮನೆ ಇತ್ತು. ಘಟಕದ ಮಾಲೀಕರದೇ ಮನೆ. ಪಕ್ಕದ ಓಣಿಯಲ್ಲಿ ಹೋದರೆ ಹಿತ್ತಲು. ಒಂದು ಕಾಲಕ್ಕೆ ಸೌದೆ ಒಟ್ಟುತ್ತಿದ್ದ ಆ ಜಾಗದಲ್ಲಿ, ಕಾಂಪೌಂಡ್ ಗೋಡೆಗೆ ಆನಿಸಿ, ತಗಡು, ಟಾರ್ಪಾಲು, ಹಳೇ ಫ್ಲೆಕ್ಸ್ ಬ್ಯಾನರುಗಳಿಂದ ಕಟ್ಟಿದ ಏಳು ಶೆಡ್ಡುಗಳು. ಗೂಡು ಬೇಯಿಸಿ ನೂಲು ತೆಗೆಯಲು ಬಂದಿದ್ದ ಸಂಸಾರಗಳು ಅವು. ಘಟಕ ಮುಚ್ಚಿದ ಮೇಲೆ ಬೇರೆ ಬೇರೆ ಕಡೆ ಕೆಲಸ ಹಿಡಿದಿದ್ದರು. ಊರೊಳಗೆ ಬಾಡಿಗೆಗೆ ಒಂದು ಕೋಣೆ ಹಿಡಿಯೋಣವೆಂದರೆ ಮುಂಗಡ ಕೊಡುವ ಶಕ್ತಿ ಏಳರಲ್ಲಿ ಒಬ್ಬರಿಗೂ ಇರಲಿಲ್ಲ.

ಹಳದಿ ಸೀರೆಯಾಕೆ ಆಗ ತಾನೇ ಕೆಲಸದಿಂದ ಬಂದಿದ್ದಳು. ದಿನವಿಡೀ ಬಿಸಿನೀರಲ್ಲಿ ಕೈಯಾಡಿಸಿ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಮೈಯಿಂದ ಬೆಂದ ಹುಳದ ವಾಸನೆ ಬರುತ್ತಿತ್ತು. ನನ್ನ ದನಿ ಗಡುಸಾಗಿಯೇ ಇತ್ತು.

“ಅಲ್ಲಮ್ಮಾ, ಬೇರೆಯೋರ ಮನೆ ಮುಂದೆ ಯಾಕೆ ನಿಂತ್ಕೊಂಡ್ರಿ?”

“ಫೋಟೋ ಅಂದ್ರಲ್ಲ ಮೇಡಂ. ಫೋಟೋ ತೆಗೀತಾರೆ ಅಂದ್ರೆ ಯಾರಾದ್ರೂ ಈ ತಗಡಿನ ಮುಂದೆ ನಿಂತ್ಕೊತಾರಾ?”

“ಅವರಿಗೆ ಬೇಕಾಗಿದ್ದೇ ಈ ತಗಡು ಕಣಮ್ಮ!”

“ಇದನ್ನ ನೋಡಿದ್ರೆ ಸರ್ಕಾರದೋರು ಏನಂದ್ಕೊತಾರೆ? ಇಂಥೋರಿಗೆ ಹೊಸ ಮನೆ ಕೊಟ್ರೆ ಗಲೀಜು ಮಾಡಿ ಹಾಕ್ತಾರೆ ಅನ್ನಲ್ವಾ? ನಾವೂ ನೀಟಾಗಿರೋ ಜನ ಅಂತ ಗೊತ್ತಾಗ್ಲಿ ಅಂತ…”

ಹೆಣ್ಣು ನೋಡಲು ಬಂದವರ ಮುಂದೆ ಕೂರುವ ಹಾಗೆ ಇವರು ಸರ್ಕಾರದ ಮುಂದೆ ನಿಂತಿದ್ದರು. ಚೆನ್ನಾಗಿ ಕಂಡರೆ ಒಪ್ಪುತ್ತಾರೆ ಎಂದುಕೊಂಡಿದ್ದರು. ಒಬ್ಬರನ್ನು ನೋಡಿ ಇನ್ನೊಬ್ಬರು, ಏಳೂ ಸಂಸಾರ ಸಾಲಾಗಿ ಅದೇ ಮೆಟ್ಟಿಲ ಮುಂದೆ ನಿಂತು ಮುಗಿಸಿದ್ದರು.

ಹಿತ್ತಲ ಬಾಗಿಲಲ್ಲಿ ಮಾಲೀಕರ ಹೆಂಡತಿ ನಿಂತಿದ್ದರು. ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು. “ನಾನೇ ಕರೆದಿದ್ದು ಮೇಡಂ. ನಮ್ಮ ಬಾಗಿಲ ಮುಂದೆ ಚೆನ್ನಾಗಿ ಬರ್ತದೆ, ಬನ್ನಿ ಅಂತ. ಸರ್ವೆಗೆ ಬಂದೋನು ಕೂಡ ಇಲ್ಲಿ ಸಿಗ್ನಲ್ ಚೆನ್ನಾಗಿದೆ ಅಂತ ಖುಷಿಯಾಗಿ ತಕ್ಕೊಂಡು ಹೋದ. ತಪ್ಪಾಯ್ತಾ?”

ನಾನು ಏಳೂ ಅರ್ಜಿಯ ಪ್ರತಿ ಹಿಡಿದುಕೊಂಡು ಕಚೇರಿಗೆ ಹೋದೆ.

ವಸತಿ ಶಾಖೆಯ ಅಧಿಕಾರಿ ಕೂಗಾಡುವ ಜಾತಿಯವರಲ್ಲ. ಅವರು ಮೆಲ್ಲಗೆ ಮಾತಾಡಿದಷ್ಟೂ ನನಗೆ ಭಯ ಜಾಸ್ತಿ. ಹೊಸ ಫೋಟೋ ಹಾಕಿ ನೋಡಿದೆವು, ಸಮೀಕ್ಷೆಯ ಆ್ಯಪ್ ಒಪ್ಪಲಿಲ್ಲ. ಹಸಿರು ಮನೆಗೂ ಶೆಡ್ಡಿಗೂ ನಡುವೆ ಒಂದು ಗೋಡೆ ಅಷ್ಟೇ. ಜಿಪಿಎಸ್ ಲೆಕ್ಕದಲ್ಲಿ ಎರಡೂ ಒಂದೇ ಜಾಗ, ಇದೇ ಹೆಸರಿಗೆ ಈ ಜಾಗದ ಫೋಟೋ ಈಗಾಗಲೇ ಇದೆ ಎಂದು ತಳ್ಳಿಬಿಡುತ್ತಿತ್ತು. ಉಳಿದದ್ದು ಒಂದೇ ದಾರಿ. ಪ್ರತಿ ಸಂಸಾರದ ಹೆಸರಿನಲ್ಲಿ ಆಕ್ಷೇಪಣೆ ಹಾಕಬೇಕು. ಅಧಿಕಾರಿ ಜಾಗಕ್ಕೇ ಬಂದು, ಕಂಡದ್ದನ್ನು ಬರೆದು, ಅಕ್ಕಪಕ್ಕದವರ ಸಹಿ ಹಾಕಿಸಿ ಸ್ಥಳ ಮಹಜರು ಮಾಡಬೇಕು. ಫೋಟೋದಲ್ಲಿರುವ ಮನೆ ನಮ್ಮದು, ಇವರದಲ್ಲ, ಇವರು ಇರುವುದು ಹಿತ್ತಲ ಶೆಡ್ಡಿನಲ್ಲಿ ಎಂದು ಮನೆಯ ಮಾಲೀಕರು ಸಹಿ ಹಾಕಬೇಕು. ಇಷ್ಟಾದ ಮೇಲೆ ಜಿಲ್ಲಾ ತಂಡ ಹೇಳದೆ ಕೇಳದೆ ಬಂದು ನೋಡುತ್ತದೆ.

“ತಂಡ ಬರೋ ತನಕ ಅವರು ಅಲ್ಲೇ ಇರ್ಬೇಕು ಮೇಡಂ, ಅದೇ ಸ್ಥಿತಿನಲ್ಲಿ,” ಎಂದರು ಅಧಿಕಾರಿ. “ಬೀಗ ಹಾಕಿದ್ರೋ, ಪಕ್ಕಾ ಸೂರಿನ ಕೆಳಗೆ ಸಿಕ್ಕಿದ್ರೋ, ನನ್ನ ಕೈಲಿ ಏನೂ ಇಲ್ಲ.”

ಇದನ್ನು ಕೇಳಿಕೊಂಡು ನಾನು ನೇರ ಹಸಿರು ಮನೆಗೆ ಹೋದೆ. ಮಾಲೀಕರು ಒಳ್ಳೆಯ ಮನುಷ್ಯ. ಕುರ್ಚಿ ಹಾಕಿಸಿ, ಚಹಾ ತರಿಸಿ, ಸಹಿ ಹಾಕುವುದಿಲ್ಲ ಎಂದರು.

“ಹಿತ್ತಲು ಮಾರಿಬಿಟ್ಟಿದ್ದೀನಮ್ಮ. ಕರಾರಿನಲ್ಲಿ ಖಾಲಿ ಜಾಗ ಅಂತ ಬರ್ದುಕೊಟ್ಟಿದ್ದೀನಿ. ಈಗ ಅಲ್ಲಿ ಏಳು ಸಂಸಾರ ಇದಾರೆ ಅಂತ ನಾನೇ ಸರ್ಕಾರಕ್ಕೆ ಸಹಿ ಹಾಕ್ಕೊಟ್ರೆ, ನಾಳೆ ತಗೊಂಡೋರು ನನ್ನನ್ನ ಸುಮ್ನೆ ಬಿಡ್ತಾರಾ?”

ಜಾಗ ಮಾರಿದ್ದು ಶೆಡ್ಡಿನವರಿಗೆ ಗೊತ್ತೇ ಇರಲಿಲ್ಲ. ಮರುದಿನ ಮತ್ತೆ ಹೋದೆ, ಅದೇ ಚಹಾ, ಅದೇ ಉತ್ತರ. ಅಕ್ಕಪಕ್ಕದವರನ್ನು ಕೇಳಿದರೆ, ಹಸಿರು ಮನೆ ಸಾಹೇಬರು ಹಾಕಿದರೆ ನಾವೂ ಹಾಕುತ್ತೇವೆ ಎಂದರು. ಗಡುವು ಹತ್ತಿರವಾಗುತ್ತಿತ್ತು. ಸಮೀಕ್ಷೆ ಮಾಡಿದ್ದವನು ಫೋನಿನಲ್ಲಿ ಒಂದು ಉಪಾಯ ಹೇಳಿಕೊಟ್ಟ. ಕೆರೆ ಏರಿ ಕಡೆ ಎಲ್ಲಾದರೂ ನಾಲ್ಕು ಟಾರ್ಪಾಲು ಕಟ್ಟಿ, ಅಲ್ಲಿ ನಿಲ್ಲಿಸಿ ಹೊಸ ಅರ್ಜಿಯ ಹಾಗೆ ಫೋಟೋ ತೆಗೆದರೆ ಆ್ಯಪ್ ಕಣ್ಣುಮುಚ್ಚಿಕೊಂಡು ಒಪ್ಪುತ್ತದಂತೆ. ಮನಸ್ಸು ಒಂದು ಗಳಿಗೆ ಆ ಕಡೆ ವಾಲಿತು, ಸುಳ್ಳು ಹೇಳುವುದಿಲ್ಲ. ಆದರೆ ತಂಡ ಬಂದು ಖಾಲಿ ಟಾರ್ಪಾಲು ನೋಡಿದರೆ ಏಳೂ ಹೆಸರು ಹೋಗುತ್ತಿದ್ದವು, ಇನ್ನು ಮುಂದೆ ನನ್ನ ಮಾತನ್ನು ಆ ಕಚೇರಿಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಮೂರನೇ ಸಲ ಹೋದಾಗ ಆಪಾ ಚಹಾ ತರಲಿಲ್ಲ. ಬಂದು ಗಂಡನ ಎದುರಿಗೇ ಕೂತರು.

“ಫೋಟೋಗೆ ಬಾಗಿಲು ಕೊಟ್ಟೋಳು ನಾನು,” ಎಂದರು. “ನಮ್ಮ ಬಾಗಿಲಿಂದ ಇವರ ಮನೆ ಹೋಯ್ತು ಅಂತ ಆಗೋದು ನಂಗೆ ಬೇಡ ಜೀ. ಏನಾದ್ರೂ ಮಾಡಿ.”

ಮಾಲೀಕರು ಬಹಳ ಹೊತ್ತು ಗಡ್ಡ ಸವರಿಕೊಂಡರು. ಕೊನೆಗೆ ಒಂದು ಷರತ್ತು ಹಾಕಿದರು. ತಾವು ಮಹಜರಿಗೆ ಸಹಿ ಹಾಕುತ್ತಾರೆ. ಆದರೆ ಏಳೂ ಸಂಸಾರದವರು ಒಂದು ಕಾಗದ ಬರೆದುಕೊಡಬೇಕು. ಈ ಜಾಗದ ಮೇಲೆ ನಮಗೆ ಯಾವ ಹಕ್ಕೂ ಇಲ್ಲ, ಸಾಹೇಬರು ಹೇಳಿದ ದಿನ ಶೆಡ್ಡು ಬಿಟ್ಟುಕೊಡುತ್ತೇವೆ, ಸರ್ಕಾರದ ಮನೆ ಸಿಕ್ಕರೂ ಸಿಗದಿದ್ದರೂ.

ಆ ಕೊನೆಯ ಮಾತನ್ನು ತೆಗೆಸಲು ನಾನು ಮಾಡಿದ ಪ್ರಯತ್ನ ಫಲಿಸಲಿಲ್ಲ. ಜಾಗ ಕೊಂಡವರ ವಕೀಲರು ಅದಿಲ್ಲದೆ ಒಪ್ಪುವುದಿಲ್ಲ ಎಂದರು. ಸಂಜೆ ಶೆಡ್ಡುಗಳ ಮುಂದೆ ಎಲ್ಲರನ್ನೂ ಕೂರಿಸಿ ಕಾಗದವನ್ನು ಓದಿ ಹೇಳಿದೆ. ಏನೂ ಮುಚ್ಚಿಡಲಿಲ್ಲ. ಸಹಿ ಹಾಕದಿದ್ದರೆ ಮಹಜರಿಲ್ಲ, ಮನೆಯೂ ಇಲ್ಲ, ಆದರೆ ಜಗಳವಾಡಿಕೊಂಡು ಇನ್ನಷ್ಟು ದಿನ ಇಲ್ಲೇ ಇರಬಹುದು. ಹಾಕಿದರೆ ಮನೆ ಸಿಗಬಹುದು, ಸಿಗದಿದ್ದರೆ ತಗಡೂ ಹೋಗುತ್ತದೆ. ಇಸ್ತ್ರಿ ಪಂಚೆಯ ತಾತ ಕೆಮ್ಮುತ್ತಿದ್ದ. ಅವನ ಹೆಂಡತಿ, ಗಡಿಯಾಚೆಯಿಂದ ಬಂದ ಅಜ್ಜಿಗೆ, ಅರ್ಧ ಮಾತು ತೆಲುಗು, ಅರ್ಧ ಕನ್ನಡ. ಅವಳು ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು.

“ನುವ್ವು ಚೆಪ್ಪಮ್ಮಾ. ನೀನೇ ಹೇಳು. ಹಾಕೋದಾ, ಬೇಡ್ವಾ?”

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನಮಗೆ ತರಬೇತಿಯಲ್ಲಿ ಕಲಿಸಿರುತ್ತಾರೆ: ತೀರ್ಮಾನ ನಿಮ್ಮದೇ. ಕಚೇರಿಯಲ್ಲಿ ಕೂತವರಿಗೆ ಇದು ಬಹಳ ಅನುಕೂಲವಾದ ಮಾತು. ಆ ಅಜ್ಜಿಯ ಮುಖ ನೋಡಿಕೊಂಡು ಅದನ್ನು ಹೇಳಲು ನನಗೆ ನಾಚಿಕೆಯಾಯಿತು.

“ಹಾಕಿ ಅಜ್ಜಿ,” ಎಂದೆ.

ಮಹಜರಿನ ದಿನ ಬೆಳಗ್ಗೆ ಅಧಿಕಾರಿ ಬಂದರು, ಮಾಲೀಕರು ಬಂದರು, ಅಕ್ಕಪಕ್ಕದವರೂ ಬಂದರು. ಶೆಡ್ಡಿನ ಉದ್ದ ಅಗಲ ಅಳೆದರು, ತಗಡು, ಟಾರ್ಪಾಲು ಎಂದು ಬರೆದುಕೊಂಡರು. ಫೋಟೋ ಎಂದ ಕೂಡಲೇ ಮೊದಲ ಶೆಡ್ಡಿನಾಕೆ ಒಳಗಿನಿಂದ ಬಂದಳು. ಮತ್ತೆ ಅದೇ ಹಳದಿ ರೇಷ್ಮೆ ಸೀರೆ, ಅದೇ ಕನಕಾಂಬರ.

“ಅಮ್ಮಾ ತಾಯಿ, ಕೆಲಸದ ಸೀರೆ ಉಟ್ಕೊಂಡು ಬಾರಮ್ಮ!”

“ತಗಡಿನ ಮುಂದೆ ನಿಂತ್ಕೋ ಅಂದ್ರಿ, ನಿಂತ್ಕೊತೀನಿ ಮೇಡಂ. ಸೀರೆ ಬದಲಾಯಿಸಲ್ಲ.”

ಅವಳ ಮಗಳು ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಓದುತ್ತಿದ್ದಳು. ಗೆಳತಿಯರಿಗೆ ಗೊತ್ತಾಗಬಾರದೆಂದು ದಿನವೂ ಹಸಿರು ಮನೆಯ ಗೇಟಿನಿಂದ ಒಳಗೆ ಹೋಗಿ ಹಿತ್ತಲಿಗೆ ಇಳಿಯುತ್ತಿದ್ದವಳು. ಅವಳು ಬಂದು ತಾಯಿಯ ಸೆರಗು ಸರಿಮಾಡಿ, ಪಕ್ಕದಲ್ಲಿ ನಿಂತಳು. ನಾನು ಅಧಿಕಾರಿಯ ಮುಖ ನೋಡಿದೆ. ಅವರು ಕನ್ನಡಕ ಮೇಲೇರಿಸಿ, “ಸೀರೆ ಬಗ್ಗೆ ರೂಲ್ಸಿನಲ್ಲಿ ಏನೂ ಇಲ್ಲ ಮೇಡಂ,” ಎಂದು ಫೋಟೋ ತೆಗೆದರು. ಆ ಮನುಷ್ಯನ ಮೇಲೆ ಆವತ್ತು ಹುಟ್ಟಿದ ಪ್ರೀತಿ ಇನ್ನೂ ಹೋಗಿಲ್ಲ.

ಆಮೇಲೆ ಕಾಯುವುದು ಶುರುವಾಯಿತು. ಜಿಲ್ಲಾ ತಂಡ ಬರಲಿಲ್ಲ. ಚಿಂತಾಮಣಿಗೆ ಹೋಗಿದೆ, ಗೌರಿಬಿದನೂರು ಮುಗಿಸಿ ಬರುತ್ತದೆ ಎಂದು ಫೋನಿನಲ್ಲಿ ದಿನಕ್ಕೊಂದು ಸುದ್ದಿ. ತಂಡಕ್ಕಿಂತ ಮೊದಲು ಬಂದದ್ದು ಜೆಸಿಬಿ. ಸಾಹೇಬರು ಹೇಳಿದ ದಿನಕ್ಕೆ ಸರಿಯಾಗಿ ಬಂತು. ಕಾಗದದಲ್ಲಿ ಸಹಿ ಇತ್ತಲ್ಲ, ಯಾರೂ ಎದುರಾಡಲಿಲ್ಲ. ಪಾತ್ರೆ, ಟ್ರಂಕು, ಗ್ಯಾಸ್ ಒಲೆಗಳನ್ನು ಓಣಿಗೆ ಸಾಗಿಸಿದರು. ಮಧ್ಯಾಹ್ನದ ಹೊತ್ತಿಗೆ ಹಿತ್ತಲು ನಿಜಕ್ಕೂ ಖಾಲಿ ಜಾಗವಾಗಿತ್ತು.

ಮಾರ್ಗಶಿರದ ಚಳಿ. ನಂದಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಸಂಜೆಯೇ ಕಿವಿ ಸೆಟೆದುಕೊಳ್ಳುತ್ತಿತ್ತು. ಆಪಾ ಮುಂಬಾಗಿಲು ತೆರೆದು ನಡುಮನೆಯಲ್ಲಿ ಚಾಪೆ ಹಾಸಿದ್ದರು. “ಮುದುಕರು, ಹೆಣ್ಣುಮಕ್ಕಳು ಇಲ್ಲಿ ಮಲಗಲಿ ಮೇಡಂ. ಗಂಡಸರು ಹೇಗೋ ಇರ್ತಾರೆ.”

ಅಜ್ಜಿ ಆಗಲೇ ಗಂಟು ಎತ್ತಿಕೊಂಡು ಗ್ರಾನೈಟ್ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು.

“ಬೇಡ,” ಎಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು. ಆ ಮಾತು ನನ್ನ ಬಾಯಿಂದಲೇ ಬಂತೆಂದು ನನಗೂ ನಂಬಲಾಗಲಿಲ್ಲ. ತಂಡ ನಾಳೆ ಬೆಳಗ್ಗೆ ಬರಬಹುದು. ಬಂದಾಗ ಇವರು ಹಸಿರು ಗೋಡೆಯ ಒಳಗೆ ಸಿಕ್ಕರೆ ಮೊದಲನೇ ಫೋಟೋವೇ ನಿಜವಾಗಿಬಿಡುತ್ತಿತ್ತು. ಮಹಜರು, ಸಹಿ, ಬಿಟ್ಟುಕೊಟ್ಟ ಜಾಗ ಎಲ್ಲವೂ ನೀರುಪಾಲು. ಓಣಿಯಲ್ಲಿ, ಕಾಂಪೌಂಡಿನ ಹೊರಗೆ, ಚರಂಡಿ ಪಕ್ಕದ ಜಾಗದಲ್ಲೇ ಟಾರ್ಪಾಲು ಕಟ್ಟಿಕೊಂಡು ಇರಿ, ಅದು ಮಹಜರಿನ ಜಾಗಕ್ಕೆ ಅಂಟಿಕೊಂಡೇ ಇದೆ ಎಂದೆ.

ಬಿ.ಕಾಂ. ಹುಡುಗಿ ನನ್ನ ಮುಂದೆ ಬಂದು ನಿಂತಳು.

“ಆಂಟಿ, ಇದು ಜೋಕಾ? ಮಲಗೋಕೆ ಜಾಗ ಇದ್ರೂ ಮಲಗಬಾರ್ದಾ? ಮನೆ ಇಲ್ಲ ಅಂತ ಪ್ರೂವ್ ಮಾಡೋಕೆ ನಮ್ಮನ್ನ ಶೋಪೀಸ್ ಥರ ಬೀದೀಲಿ ಇಡ್ತೀರಾ? ನೀವೇನೋ ಬಸ್ ಹತ್ತಿ ನಿಮ್ಮನೇಗೆ ಹೋಗಿ ಮಲಗ್ತೀರ.”

“ಏಯ್, ಸುಮ್ನಿರೇ,” ಎಂದಳು ತಾಯಿ. ಆದರೆ ಮಗಳ ಮಾತು ತಪ್ಪು ಎನ್ನಲಿಲ್ಲ. ಅದು ತಪ್ಪಾಗಿರಲೂ ಇಲ್ಲ. ನಾನು ಬಸ್ ಹತ್ತಿ ಮನೆಗೇ ಹೋದೆ. ಮನೆಯಲ್ಲಿ ಯಾರೋ ಕಿಟಕಿ ಹಾಕು, ಚಳಿ ಎಂದರು. ಅವರ ಮೇಲೆ ಕಾರಣವಿಲ್ಲದೆ ರೇಗಿದೆ.

ದಿನಗಳು ಹೀಗೇ ಹೋದವು. ಆಪಾ ದಿನವೂ ಬಿಸಿ ಸಾರು, ಕಂಬಳಿ ಕಳಿಸುತ್ತಿದ್ದರು. ಒಳಗೆ ಕರೆಯುವುದನ್ನು ಮಾತ್ರ ಬಿಟ್ಟಿದ್ದರು. ನಾನು ಬೆಳಗ್ಗೆ ಬಸ್ಸಿಳಿದು ಮೊದಲು ಓಣಿಗೆ ಹೋಗಿ ಎಲ್ಲರೂ ಇದ್ದಾರೆಯೇ ನೋಡಿ, ಆಮೇಲೆ ಕಚೇರಿಗೆ ಹೋಗುತ್ತಿದ್ದೆ. ತಂಡವನ್ನು ಬೇಗ ಕಳಿಸಿ ಎಂದು ಚಿಕ್ಕಬಳ್ಳಾಪುರದ ಕಚೇರಿಗೆ ಹೋಗಿ ಗಲಾಟೆಯನ್ನೂ ಮಾಡಿದೆ. ಬರ್ತಾರೆ ಮೇಡಂ ಎನ್ನುವುದರಾಚೆ ಮಾತು ಹುಟ್ಟಲಿಲ್ಲ. ಇತ್ತ ತಾತನ ಕೆಮ್ಮು ಜೋರಾಯಿತು. ಮುರುಗಮಲ್ಲದಲ್ಲಿದ್ದ ಮಗಳು ಬಂದು, ಹಿಂಗೇ ಬಿಟ್ರೆ ಅಪ್ಪ ಉಳಿಯಲ್ಲ ಎಂದು ಅತ್ತಳು. ಅಜ್ಜಿ ನನ್ನನ್ನು ಕೇಳಿದಳು.

“ಎರಡು ದಿನ ಹೋಗಿ ಬರ್ತೀವಮ್ಮ. ಕೆಮ್ಮು ಇಳೀಲಿ.”

ಈ ಸಲ ಬೇಡ ಎನ್ನಲು ನನ್ನಿಂದ ಆಗಲಿಲ್ಲ. ನಾನೇ ಬಸ್ ಹತ್ತಿಸಿದೆ.

ಮರುದಿನ ತಂಡ ಬಂತು.

ಚಿಕ್ಕಬಳ್ಳಾಪುರದಿಂದ ಬಂದ ಅಧಿಕಾರಿಣಿ, ಕೈಯಲ್ಲಿ ಟ್ಯಾಬು, ಜೊತೆಗೆ ಒಬ್ಬ ಸಹಾಯಕ. ಅವರು ಪ್ರತಿ ಟಾರ್ಪಾಲಿನೊಳಗೆ ಬಗ್ಗಿ ನೋಡಿದರು. ಒಲೆ ಮುಟ್ಟಿ ನೋಡಿದರು, ಬಿಸಿಯಿತ್ತು. ಬಿ.ಕಾಂ. ಹುಡುಗಿಯನ್ನು, “ರಾತ್ರಿ ಎಲ್ಲಿ ಮಲಗ್ತೀಯಮ್ಮ?” ಎಂದು ಕೇಳಿದರು. ಹುಡುಗಿ ನನ್ನನ್ನೇ ದಿಟ್ಟಿಸಿ ನೋಡಿ, “ಇಲ್ಲೇ ಮೇಡಂ. ಬೇರೆ ಕಡೆ ಮಲಗೋಕೆ ಪರ್ಮಿಷನ್ ಇಲ್ಲ,” ಎಂದಳು. ಅಧಿಕಾರಿಣಿಗೆ ಅರ್ಥವಾಗಲಿಲ್ಲ. ಆರು ಫೋಟೋ ಆದವು. ಏಳನೇ ಟಾರ್ಪಾಲು ಖಾಲಿ.

“ಇವರೆಲ್ಲಿ?”

“ತಾತನಿಗೆ ಹುಷಾರಿಲ್ಲ ಮೇಡಂ. ಮಗಳ ಮನೆಗೆ ಹೋಗಿದ್ದಾರೆ. ಈಗ ಫೋನ್ ಮಾಡಿದ್ರೆ ಮಧ್ಯಾಹ್ನಕ್ಕೆ ಬರ್ತಾರೆ.”

“ಮಗಳ ಮನೆ ಇದೆ ಅಂತಾಯ್ತಲ್ಲ.”

ನಾನು ದನಿ ಏರಿಸಿದೆ. ಮಗಳು ಇರುವುದೇ ಒಂದು ಕೋಣೆಯಲ್ಲಿ ಎಂದೆ, ಈ ಚಳಿಯಲ್ಲಿ ನಿಮ್ಮ ಅಪ್ಪನನ್ನು ಇಲ್ಲಿ ಮಲಗಿಸುತ್ತಿದ್ದಿರಾ ಎಂದೂ ಕೇಳಿಬಿಟ್ಟೆ. ಆಕೆ ಕೋಪಿಸಿಕೊಳ್ಳಲಿಲ್ಲ. ಮುಖ ಬಾಡಿತು ಅಷ್ಟೇ. “ನಾನು ನೋಡಿದ್ದನ್ನ ಮಾತ್ರ ಹಾಕೋಕೆ ಆಗೋದು ಮೇಡಂ,” ಎಂದು ಟ್ಯಾಬಿನ ಮೇಲೆ ಬೆರಳಿಟ್ಟರು.

ಅಂತಿಮ ಪಟ್ಟಿಯಲ್ಲಿ ಆರು ಹೆಸರು ಬಂದವು. ತಾತ, ಅಜ್ಜಿಯ ಮೇಲ್ಮನವಿ ಹಾಕಿದೆ. ಅದು ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ. ಆವತ್ತು ಮೆಟ್ಟಿಲ ಮೇಲೆ ಬೇಡ ಎಂದದ್ದು ಸರಿಯೇ ಎಂದು ಎಷ್ಟೋ ಜನ ಕೇಳಿದ್ದಾರೆ. ಅನ್ನದಿದ್ದರೆ ಏಳೂ ಹೋಗುತ್ತಿದ್ದವು. ಮತ್ತೆ ಅಂಥದ್ದೇ ಹೊತ್ತು ಬಂದರೆ ಮತ್ತೆ ಅದನ್ನೇ ಹೇಳುತ್ತೇನೆ. ಹಾಗೆ ಹೇಳಬೇಕಾದ ಕೆಲಸದ ಮೇಲೆ ನನಗಿರುವ ಸಿಟ್ಟು ಮಾತ್ರ ಇಳಿದಿಲ್ಲ.

ಕೀ ಕೊಡುವ ದಿನವೂ ಫೋಟೋ ಬೇಕು, ಹೊಸ ಬಾಗಿಲ ಮುಂದೆ. ಹಳದಿ ಸೀರೆಯಾಕೆ ಎರಡನೇ ಮಹಡಿಯ ಬಾಗಿಲಿಗೆ ರಂಗೋಲಿ ಹಾಕಿ ನಿಂತಿದ್ದಳು. ನಾನು ಮೊಬೈಲ್ ಎತ್ತಿದ ಕೂಡಲೇ, “ತಡೀರಿ ಮೇಡಂ,” ಎಂದು ಕೆಳಗಿನಿಂದ ಏದುಸಿರು ಬಿಡುತ್ತಾ ಬರುತ್ತಿದ್ದ ಆಪಾ ಅವರ ಕೈ ಹಿಡಿದು ಎಳೆದುಕೊಂಡಳು. “ಬನ್ನಿ ಆಪಾ, ಇವತ್ತು ನೀವು ನಮ್ಮ ಬಾಗಿಲ ಮುಂದೆ ನಿಂತ್ಕೊಳ್ಳಿ.” ಇಬ್ಬರೂ ನಿಂತರು. ಅದು ಸರ್ಕಾರಕ್ಕೆ ನಡೆಯುವುದಿಲ್ಲವೆಂದು ಆಮೇಲೆ ಇನ್ನೊಂದು ತೆಗೆದೆ. ಮಗಳು ನನ್ನ ಜೊತೆ ಮಾತಾಡಲಿಲ್ಲ, ಆದರೆ ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಇದಾದ ಕೆಲವು ದಿನಕ್ಕೆ ಅಜ್ಜಿಯ ಫೋನು ಬಂತು. ಮೇಲ್ಮನವಿ ಏನಾಯಿತೆಂದು ಕೇಳುತ್ತಾಳೆ, ಏನು ಹೇಳಲಿ ಎಂದು ಹೆದರಿಕೊಂಡೇ ಎತ್ತಿದೆ. ಅವಳು ಅದನ್ನು ಕೇಳಲಿಲ್ಲ.

“ಅವೊತ್ತು ಆಪಾ ಮನೆ ಮುಂದೆ ತೆಗೆದ್ರಲ್ಲ, ಆ ಫೋಟೋ ಬಲೇ ಚೆನ್ನಾಗಿ ಬಂದೈತಂತೆ ಕಣಮ್ಮ. ಒಂದು ಕಾಪಿ ಕೊಡ್ತೀಯಾ?”

ಅಜ್ಜಿ, ತಾತ ಜೊತೆಯಾಗಿ ನಿಂತ ಫೋಟೋ ಅಂತ ಅವರ ಬಳಿ ಒಂದೂ ಇರಲಿಲ್ಲವಂತೆ. ಚಿಂತಾಮಣಿಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮುರುಗಮಲ್ಲದ ಬಸ್ ಹತ್ತಿದೆ. 'ಅನರ್ಹ' ಎಂಬ ಕೆಂಪಕ್ಷರ ಅದರಲ್ಲಿ ಇರಲಿಲ್ಲ. ದರ್ಗಾದ ಹತ್ತಿರ ಅಳಿಯನದು ಹೂವಿನ ಅಂಗಡಿ, ಅದರ ಹಿಂದೆ ಒಂದೇ ಕೋಣೆ. ತಾತ ಮೂಲೆಯಲ್ಲಿ ಮಲಗಿದ್ದ. ಅಜ್ಜಿ ಫೋಟೋವನ್ನು ಸೆರಗಿನಿಂದ ಒರೆಸಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಹಸಿರು ಗೋಡೆ, ಮೆಟ್ಟಿಲು, ದಾಸವಾಳದ ಕುಂಡ, ಇಸ್ತ್ರಿ ಪಂಚೆಯ ತಾತ.

“ಒಳ್ಳೇ ಮನೆಯೋರ ಥರಾನೇ ಕಾಣ್ತೀವಲ್ಲಮ್ಮ,” ಎಂದು ನಕ್ಕಳು.

ಎದುರಿನ ಗೋಡೆ ಖಾಲಿಯಿತ್ತು. ಅಲ್ಲೇ ಹಾಕೋಣ್ವಾ ಅಜ್ಜಿ ಎಂದು ಎದ್ದೆ.

“ಬೇಡಮ್ಮ, ಇರ್ಲಿ,” ಎಂದಳು. “ಮೊಳೆ ಹೊಡೀಬೇಕಂದ್ರೆ ಅಳಿಯನ್ನ ಕೇಳ್ಬೇಕು.” ಟ್ರಂಕು ತೆರೆದು, ಸೀರೆಗಳ ಮಡಿಕೆಯ ನಡುವೆ ಅದನ್ನಿಟ್ಟು ಮುಚ್ಚಿದಳು.